ಹರಗಿದ ಸೈಟು

ಕುಮಾರಸ್ವಾಮಿ ಲೇಔಟ್‌ನಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದ ಖಾಲಿ ಸೈಟು ಇಳಿಜಾರು. ಏನಾದರೂ ಬೆಳೆದುಕೊಳ್ಳಿ ಎಂದು ಅದರ ಮಾಲೀಕರು ಹೇಳಿದ್ದೇ ತಡ, ವಿಜಯಪುರದ ಕಡೆಯಿಂದ ನಮ್ಮೊಂದಿಗೆ ಇರಲು ಬಂದಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡು ಇಳಿದರು. ಅಲ್ಲಿಯವರೆಗೆ ಟೀವಿ ಮುಂದೆ ಕುಳಿತು, ಊಟ ಸೇರದೆ ಒಣಗುತ್ತಿದ್ದರು. ಗುದ್ದಲಿ ಕೈಗೆ ಬಂದಮೇಲೆ ಮಾತೂ ಬಂತು, ಹಸಿವೂ ಬಂತು.

ಅವರಿಗೆ ಗೊತ್ತಿದ್ದುದು ಕಪ್ಪು ಮಣ್ಣಿನ ಸಮತಟ್ಟು ಹೊಲ. ಅಲ್ಲಿ ಮಳೆಗೆ ಮುಂಚೆ ಹರಗಲೇಬೇಕು. ಒಂದು ಹುಲ್ಲುಕಡ್ಡಿ ಉಳಿಯದಂತೆ ಕೆತ್ತಿ, ಹೆಂಟೆ ಒಡೆದು, ಮಣ್ಣನ್ನು ಹಿಟ್ಟು ಮಾಡಬೇಕು. ಸೈಟನ್ನೂ ಹಾಗೇ ಮಾಡಿದರು, ಅದೂ ಮೇಲಿನಿಂದ ಕೆಳಕ್ಕೆ ಸಾಲು ಎಳೆದು.

ಇಲ್ಲಿಯದು ಕೆಂಪು ಮಣ್ಣು. ಮೊದಲ ಜೋರು ಮಳೆಗೇ ಆ ಹಿಟ್ಟೆಲ್ಲ ಬಿತ್ತಿದ ಅವರೆಕಾಳಿನ ಸಮೇತ ಹೋಗಿ ಕೆಳಮನೆಯ ಗೇಟಿನಲ್ಲಿ ಕೂತಿತು. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದ ನಾನು ಬ್ಯಾಗು ಮೆಟ್ಟಿಲ ಮೇಲಿಟ್ಟು ಸಲಿಕೆ ಹಿಡಿದೆ. ಗಂಡನಿಗೆ ಸಂಜೆ ಪಾಳಿ; ಕೆಸರೂ ನನ್ನ ಪಾಲು, ಅವರ ಅಮ್ಮನೂ ನನ್ನ ಪಾಲು. ಅತ್ತೆ ಮತ್ತೆ ಹರಗಿ ಬಿತ್ತುವುದು, ಮಳೆ ಮತ್ತೆ ಕೊಚ್ಚುವುದು; ಪ್ರತಿ ಮಳೆಗೂ ಇದೇ ಆಗಿ ನನ್ನ ಸೊಂಟ ಬಿದ್ದುಹೋಯಿತು.

ಕೆಳಮನೆಯ ಆಂಟಿ ಹೇಳಿಯೇಬಿಟ್ಟರು: "ನೋಡಮ್ಮ, ಇನ್ನೊಂದ್ಸಲ ಕೆಸರು ಬಂದ್ರೆ ಓನರ್‌ಗೆ ಫೋನ್ ಮಾಡಿ ಸೈಟಿಗೆ ಬೇಲಿ ಕಟ್ಟಿಸಿ ಬೀಗ ಹಾಕಿಸ್ತೀನಿ."

ಬೀಗ ಬಿದ್ದರೆ ಅತ್ತೆಯ ಗತಿ? ಚಿಂತೆಯಲ್ಲಿ ಸೈಟು ನೋಡುತ್ತ ನಿಂತಾಗ ಕಣ್ಣಿಗೆ ಬಿತ್ತು: ಮಂಡಿನೋವೆಂದು ಅವರು ಹರಗದೆ ಬಿಟ್ಟ ಮೂಲೆಯಲ್ಲಿ ಹುಲ್ಲೂ ಇತ್ತು, ಮಣ್ಣೂ ಕೊಚ್ಚಿಹೋಗದೆ ಇತ್ತು.

"ಇನ್ನ ಹರಗೂದು ಬ್ಯಾಡ್ರಿ ಅತ್ತಿ. ಇಳಿಜಾರಿಗೆ ಅಡ್ಡ ಸಾಲು ಹಿಡದು, ಸಣ್ಣ ಕುಣಿ ತೋಡಿ ಕಾಳಷ್ಟ ಹಾಕೂಣು," ಎಂದೆ.

"ಹುಲ್ಲು-ಕಸದಾಗ ಬಿತ್ತೂದಾ? ನೋಡಿದವ್ರು ಮೈಗಳ್ಳರ ಹೊಲಾ ಅಂತಾರ."

ಗೊಣಗಿದರೂ ಕೇಳಿದರು. ಸಾಲಿನ ನಡುವೆ ಒಣ ಎಲೆ ಹಾಸಿದೆವು. ಮುಂದಿನ ದೊಡ್ಡ ಮಳೆಗೆ ನೀರಷ್ಟೇ ಹರಿಯಿತು, ಮಣ್ಣು ಕದಲಲಿಲ್ಲ. ಅವರೆ ಮೊಳೆಯಿತು. ಆಂಟಿ ನನ್ನನ್ನು ನೋಡಿ ನಕ್ಕರು ಕೂಡ.

ಆದರೆ ಅತ್ತೆಗೆ ಮಾಡಲು ಕೆಲಸವಿಲ್ಲದಾಯಿತು. ಬೆಳಗ್ಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದರು. ಆಮೇಲೆ ಹೋಗುವುದನ್ನೂ ಬಿಟ್ಟು, ಹೊತ್ತೇರಿದರೂ ಹಾಸಿಗೆ ಬಿಡದಾದರು. ಮಣ್ಣು ಉಳಿದ ಸಂತೋಷ ನನಗೆ ಉಳಿಯಲಿಲ್ಲ.

ಮೊನ್ನೆ ನಾನು ಆಫೀಸಿಗೆ ಹೊರಟಾಗ ಮೋಡ ಕವಿದಿತ್ತು. ಅತ್ತೆ ಬಾಗಿಲವರೆಗೆ ಬಂದು, ಮಗುವಿನ ಹಾಗೆ ಕೇಳಿದರು: "ಮ್ಯಾಗಿನ ತುಂಡ ಒಂದೀಟ ಹರಗ್ಲೇನವಾ?"

ಬೇಡ ಎನ್ನಬೇಕಿತ್ತು. ಅವರ ಮುಖ ನೋಡಿ ಆಗಲಿಲ್ಲ. "ಹರಗ್ರಿ ಅತ್ತಿ," ಎಂದೆ.

ಚಪ್ಪಲಿಯನ್ನೂ ಮೆಟ್ಟದೆ ಸೈಟಿನ ಕಡೆ ಹೊರಟೇಬಿಟ್ಟರು.