ಅತ್ತೆಯ ಬ್ರೆಡ್ಡಿಗೆ ಉಪ್ಪಿಲ್ಲದ ಚಟ್ನಿ

ನಾನು ಮದುವೆಯಾಗಿ ಭದ್ರಾವತಿಗೆ ಬಂದ ಎರಡನೆಯ ವರ್ಷ ಅತ್ತೆಯ ಕಾಲು ಊದಿಕೊಂಡಿತು. ಯುದ್ಧದ ಕಾಲ ಅದು. ಮಾವ, ನನ್ನವರು ಇಬ್ಬರೂ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಿದ್ದರು. ಮನೆ ಓಲ್ಡ್ ಟೌನಿನಲ್ಲಿ. ಶಿವಮೊಗ್ಗದ ಡಾಕ್ಟರು ಊದಿದ ಕಾಲನ್ನು ಬೆರಳಿನಿಂದ ಒತ್ತಿ ನೋಡಿ, ಉಪ್ಪು ಆದಷ್ಟೂ ಕಡಿಮೆ ಮಾಡಿ, ಉಪ್ಪಿನಕಾಯಿ ಹಪ್ಪಳ ಮುಟ್ಟಲೇಬೇಡಿ, ಬೆಳಿಗ್ಗೆ ಎರಡು ಹೋಳು ಬ್ರೆಡ್ಡು ತಿನ್ನಿ ಎಂದರು.

ಆಗ ಬ್ರೆಡ್ಡು ಎಂದರೆ ಜ್ವರ ಬಂದವರ ಆಹಾರ. ಅತ್ತೆ ಅದನ್ನೂ ಸಹಿಸುತ್ತಿದ್ದರೇನೋ, ಆದರೆ ಉಪ್ಪಿನಕಾಯಿಯ ಮಾತು ಅವರನ್ನು ಚುಚ್ಚಿತ್ತು. ನಮ್ಮ ಬೀದಿಯಲ್ಲಿ ಯಾರು ಮಾವಿನ ಮಿಡಿ ಹಾಕಿದರೂ ಉಪ್ಪು ಸಾಕೇ ಎಂದು ನೋಡಲು ಇವರಿಗೇ ಕರೆ ಬರುತ್ತಿತ್ತು.

“ಬೋಳು ಬ್ರೆಡ್ ನಾನು ತಿನ್ನಲ್ಲ ಮಾರಾಯ್ತಿ,” ಎಂದರು ನನಗೆ. “ಎರಡು ಹೋಳಿನ ಮಧ್ಯ ಏನಾದ್ರೂ ಸವರಿ ಕೊಡು. ಯಾವುದು ಆಗುತ್ತೆ ಅಂತ ನಾನೇ ಆರಿಸ್ತೀನಿ.”

ಮೊದಲ ದಿನ ಕಾಯಿಚಟ್ನಿ ಅರೆದೆ. ಒಂದು ತುತ್ತು ತಿಂದು ಕೇಳಿದರು: “ಇದಕ್ಕೆ ಕಾಯಿ ಹಾಕಿದೀಯೋ, ಸುಣ್ಣ ಹಾಕಿದೀಯೋ?” ಮರುದಿನ ಹುಣಸೆಹಣ್ಣು, ಬೆಲ್ಲ ಹಾಕಿ ಗೊಜ್ಜು ಕುದಿಸಿದೆ. ಅದು ಬಸುರಿಯರಿಗೆ ಸರಿ, ತನಗಲ್ಲ ಎಂದರು. ಹುಚ್ಚೆಳ್ಳಿನ ಪುಡಿಯನ್ನು ತುಪ್ಪದಲ್ಲಿ ಕಲಸಿ ಕೊಟ್ಟರೆ ಅರ್ಧ ಬಾಯಿಗೆ, ಅರ್ಧ ಸೀರೆಗೆ.

ಮಾವ ಮಾತ್ರ ಬಂಗಾರದಂಥ ಮನುಷ್ಯ. ಹೆಂಡತಿಯೊಬ್ಬಳೇ ಪಥ್ಯ ಮಾಡಬಾರದೆಂದು ತಾವೂ ಅದೇ ಬ್ರೆಡ್ಡು ಕಟ್ಟಿಸಿಕೊಂಡು ಕಾರ್ಖಾನೆಗೆ ಹೋಗುತ್ತಿದ್ದರು. ಸಂಜೆ ಬಂದು, “ಉಪ್ಪಿಲ್ಲ ಅಂತ ಗೊತ್ತೇ ಆಗಲ್ಲ ಕಣಮ್ಮ,” ಎನ್ನುತ್ತಿದ್ದರು. ಅತ್ತೆ ಉಗಿದದ್ದನ್ನೆಲ್ಲ ಅವರು ಹೊಗಳಿದರು.

“ಕಾರ್ಖಾನೆ ಹೊಗೆಗೆ ಅವರ ನಾಲಿಗೆ ಸತ್ತೋಗಿದೆ, ಬಿಡು,” ಎಂದರು ಅತ್ತೆ.

ಹತ್ತು ದಿನವಾದ ಮೇಲೆ, ಬೇಸತ್ತು, ಹಸಿಮೆಣಸಿನಕಾಯನ್ನು ಕೆಂಡದಲ್ಲಿ ಸುಟ್ಟು, ಕೊತ್ತಂಬರಿ ಸೊಪ್ಪು, ಬೆಳ್ಳುಳ್ಳಿ ಸೇರಿಸಿ ಅರೆದು ಒಂದಿಡೀ ನಿಂಬೆಹಣ್ಣು ಹಿಂಡಿದೆ. ಅತ್ತೆ ಕಚ್ಚಿದರು. ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡಿತು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

“ಹ್ಞೂಂ, ಇದಾಗಬಹುದು,” ಎಂದು, ಎದ್ದು ಬಂದು ಒರಳಿನ ಮುಂದೆ ಕೂತು, ಹುರಿದ ಎಳ್ಳು, ನಾಲ್ಕು ಕಾಳು ಮೆಣಸು ತಾವೇ ಸೇರಿಸಿದರು. ಅಂದಿನಿಂದ ಆ ಚಟ್ನಿ ಅವರದಾಯಿತು. ನಾನು ಬರೀ ಮೆಣಸಿನಕಾಯಿ ಸುಡುವವಳು.

ತಿಂಗಳಾದ ಮೇಲೆ ಮತ್ತೆ ಡಾಕ್ಟರಿಗೆ ತೋರಿಸಲು ಅತ್ತೆ, ಮಾವ, ನಾನು ಮೂವರೂ ಬೆಳಗಿನ ರೈಲು ಹತ್ತಿದೆವು. ಬಾಳೆಲೆಯಲ್ಲಿ ಕಟ್ಟಿದ್ದ ಬ್ರೆಡ್ಡು ಬಿಚ್ಚಿದೆ. ಮಾವ ತಮ್ಮ ಪಾಲು ತೆಗೆದುಕೊಂಡು ಕಿಟಕಿಯ ಕಡೆ ತಿರುಗಿದರು. ಕೋಟಿನ ಜೇಬಿನಿಂದ ಸಣ್ಣ ಕಾಗದದ ಪೊಟ್ಟಣ ತೆಗೆದು, ಮೇಲಿನ ಹೋಳನ್ನೆತ್ತಿ, ಏನನ್ನೋ ಉದುರಿಸಿದರು.

“ಏನ್ರೀ ಅದು?” ಎಂದರು ಅತ್ತೆ.

“ನಶ್ಯ.”

“ಬ್ರೆಡ್ಡಿಗೆ? ಬೆಳ್ಳಗಿರೋ ನಶ್ಯ?”

ಮಾವನ ಕಿವಿ ಕೆಂಪಾಯಿತು. ಎಷ್ಟು ದಿನದಿಂದ ಎಂದು ಅತ್ತೆ ಕೇಳಿದಾಗ, “ನೀನು ಸುಣ್ಣ ಅಂದ್ಯಲ್ಲ, ಆವತ್ತಿಂದ,” ಎಂದರು.

ಜಗಳವಾಗುತ್ತದೆಂದುಕೊಂಡೆ. ಅತ್ತೆ ನಕ್ಕರು. ಎದುರು ಬೆಂಚಿನವರು ತಿರುಗಿ ನೋಡುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪೊಟ್ಟಣ ಕಿತ್ತುಕೊಂಡರು, ಉಪ್ಪನ್ನು ಎಸೆಯಬಾರದಲ್ಲ, ಸೆರಗಿಗೆ ಗಂಟು ಹಾಕಿಕೊಂಡರು. ಶಿವಮೊಗ್ಗ ಬರುವವರೆಗೂ ನನ್ನ ಕಣ್ಣು ಆ ಗಂಟಿನ ಮೇಲೇ ಇತ್ತು. ಅವರು ಮುಟ್ಟಲಿಲ್ಲ.

ಊತ ಇಳಿದಿತ್ತು. ಏನು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದ್ದೇ ತಡ, ಅತ್ತೆ ಎಳ್ಳು ಹುರಿಯುವ ಹದದವರೆಗೆ ಎಲ್ಲ ಹೇಳಿದರು. ಡಾಕ್ಟರು ಔಷಧಿಯ ಚೀಟಿ ಬರೆಯುವುದು ಬಿಟ್ಟು, ಇನ್ನೊಂದು ಹಾಳೆಯಲ್ಲಿ ಚಟ್ನಿ ಬರೆದುಕೊಂಡರು.

ಮರುದಿನದಿಂದ ಮಾವನ ಪಾಲಿಗೆ ನಾನು ಬೇರೆ ಬಟ್ಟಲಲ್ಲಿ ಉಪ್ಪು ಬೆರೆಸತೊಡಗಿದೆ. ಸಂಜೆ ಬಂದವರನ್ನು ಹೇಗಿತ್ತು ಎಂದು ಕೇಳಿದೆ.

“ಚೆನ್ನಾಗಿತ್ತು ಕಣಮ್ಮ,” ಎಂದರು. ಆಮೇಲೆ ಅತ್ತೆಯ ಕಡೆ ನೋಡಿ ಮೆಲ್ಲಗೆ, “ಸ್ವಲ್ಪ ಉಪ್ಪಾಯ್ತು.”