ಹೆಬ್ಬೆರಳು ಸ್ಪೇಸಿಗೆ ಮಾತ್ರ

ಆ ವರ್ಷ ಮಾವಿನ ಕಾಲದಿಂದ ಮುಂದಕ್ಕೆ ನನ್ನ ಡೈರಿಯಲ್ಲಿ ಪ್ರತಿ ಪುಟದ ಕೆಳಗೆ ಮೂರು ಸಾಲುಗಳಿರುತ್ತಿದ್ದವು: ಬಸ್ಸು ಹತ್ತಿದ ಹೊತ್ತು, ಇಳಿದ ಹೊತ್ತು, ಓದಿ ಹೇಳಿದ್ದು. ಮೊದಲ ಎರಡು ಯಾರಿಗಾದರೂ ಅರ್ಥವಾಗುತ್ತವೆ. ಮುಳಬಾಗಿಲಿನ ಮನೆಯಿಂದ ಕೋಲಾರಕ್ಕೆ, ಅಲ್ಲಿ ಬಸ್ಸು ಬದಲಿಸಿ ಮಾಲೂರಿಗೆ ಹೋಗಿ, ಹೆಂಚಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡಿ, ಅದೇ ದಾರಿಯಲ್ಲಿ ಹಿಂದಿರುಗುತ್ತಿದ್ದೆ. ಮೂರನೆಯ ಸಾಲು ಅಪ್ಪನ ಫೋನಿನದು. ಅಪ್ಪ ಟೈಪ್ ಮಾಡಿದ್ದನ್ನು ಆ ದಿನ ಎಷ್ಟು ಸಲ ಅಮ್ಮನಿಗೆ ಓದಿ ಹೇಳಿದೆ ಎಂಬ ಲೆಕ್ಕ. ಈಗ ಪುಟ ತಿರುಗಿಸಿದರೆ ಮೊದಲೆರಡು ಸಾಲುಗಳು ಹೆಚ್ಚು ಬದಲಾಗುವುದಿಲ್ಲ. ಮೂರನೆಯದು ಮಾತ್ರ ಏರುತ್ತಾ ಹೋಗುತ್ತದೆ.

ಅಪ್ಪ ಮುಳಬಾಗಿಲಿನಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ನಮ್ಮ ಮನೆಯ ಮಹಡಿಯ ಮೇಲಿನ ಉದ್ದನೆಯ ಕೋಣೆಯೇ ಇನ್‌ಸ್ಟಿಟ್ಯೂಟು. ತೊಂಬತ್ತರ ದಶಕದಲ್ಲಿ ಬೆಳಗಿನ ಬ್ಯಾಚು ಶುರುವಾದರೆ ಕೆಳಗೆ ಅಡುಗೆಮನೆಯ ಡಬ್ಬಿಗಳು ನಡುಗುತ್ತಿದ್ದವು. ಎಲ್ಲವೂ ಇಂಗ್ಲಿಷ್ ಯಂತ್ರಗಳು. ಹೊಸಬರು ಕೀಲಿಗಳನ್ನು ನೋಡಬಾರದೆಂದು ಅಪ್ಪ ತಗಡಿನ ಮುಚ್ಚಳ ಮಾಡಿಸಿದ್ದರು. ಅದರ ಕೆಳಗೆ ಕೈ ತೂರಿಸಿ ಕಲಿಯಬೇಕು. ಯಾರಾದರೂ ಹೆಬ್ಬೆರಳಿನಿಂದ ಅಕ್ಷರ ಒತ್ತಿದರೆ ಅಪ್ಪನ ಸ್ಕೇಲು ಬೀಳುತ್ತಿತ್ತು. "ಹೆಬ್ಬೆರಳು ಸ್ಪೇಸಿಗೆ ಮಾತ್ರ!" ಆ ಸದ್ದಿನ ಕೆಳಗೇ ಅಮ್ಮ ಒಗ್ಗರಣೆ ಹಾಕುತ್ತಾ ಯಾವುದಾದರೂ ತೆಲುಗು ಹಾಡಿನ ತುಂಡೊಂದನ್ನು ಗುನುಗುತ್ತಿದ್ದಳು. ಬ್ಯಾಚು ಮುಗಿದು ಮೆಟ್ಟಿಲಿಳಿಯುವಾಗ ಅಪ್ಪ, "ರೇಡಿಯೋ ಸ್ಟೇಷನ್ ಇನ್ನೂ ಮುಚ್ಚಿಲ್ವಾ?" ಎನ್ನುತ್ತಿದ್ದರು. "ಬೇಡಾದ್ರೆ ಕಿವಿ ಮುಚ್ಕೊಳ್ಳಿ" ಎಂದು ಅಮ್ಮ ಮುಂದಿನ ಸಾಲು ಹಿಡಿಯುತ್ತಿದ್ದಳು. ಅವರಿಬ್ಬರ ನಡುವೆ ಅದಕ್ಕಿಂತ ದೊಡ್ಡ ಸಲ್ಲಾಪವನ್ನು ನಾನು ಕೇಳಿದ್ದಿಲ್ಲ.

ಊರಿಗೆ ಕಂಪ್ಯೂಟರ್ ಸೆಂಟರುಗಳು ಬಂದ ಮೇಲೆ ಯಂತ್ರಗಳು ಒಂದೊಂದಾಗಿ ನಿಂತವು. ಆಮೇಲೆ, ೨೦೦೮ರ ಕೊನೆಗೆ, ಅಪ್ಪನ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಕತ್ತಿನಲ್ಲೊಂದು ತೂತು, ಅದರ ಮೇಲೆ ಬಿಳಿ ಬಟ್ಟೆ.

ಮನೆಗೆ ಬಂದ ದಿನವೇ ಅಮ್ಮ ಅಂಗಡಿಯಿಂದ ಒಂದು ಸ್ಲೇಟು ತಂದಳು. ಅಮ್ಮ ಓದಿದ್ದು ಏಳನೆಯವರೆಗೆ, ಅದೂ ಕನ್ನಡದಲ್ಲಿ. ಅಪ್ಪ ಕನ್ನಡದಲ್ಲಿ ಬರೆದರೆ ಅವಳು ಓದುತ್ತಾಳೆ. ಮನೆಯೊಳಗೆ ಅದು ಸಾಕಾಗಿತ್ತು. ಬೀದಿಯಲ್ಲಿ ಮಾತ್ರ ಕಷ್ಟವಾಯಿತು. ಮೂಕರಾದವರಿಗೆ ಕಿವಿಯೂ ಕೇಳುವುದಿಲ್ಲವೆಂದು ನಮ್ಮ ಊರಿನವರು ತಿಳಿದಿದ್ದರು. ಸ್ಲೇಟು ಕಂಡೊಡನೆ ಕೂಗುತ್ತಿದ್ದರು: "ಹೆಂಗಿದೀರಾ ಸಾರ್? ಊಟಾ ಆಯ್ತಾ?" ಅಪ್ಪ ಬರೆದದ್ದನ್ನು ಆ ಜನ ಮಗ್ಗಿಯ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಒಮ್ಮೆ ದೇವಸ್ಥಾನದಿಂದ ಬಂದ ಅಪ್ಪ ಸ್ಲೇಟನ್ನು ಮೂಲೆಗಿಟ್ಟರು. ಹೊರಗೆ ಹೋಗುವುದನ್ನೇ ಬಿಟ್ಟರು. ಅಮ್ಮ ಆ ಸ್ಲೇಟಿನಲ್ಲಿ ಹಾಲಿನ ಲೆಕ್ಕಕ್ಕೆ ಗೆರೆ ಹಾಕತೊಡಗಿದಳು.

ಫೋನು ಕೊಡಿಸುವ ಯೋಚನೆ ನನ್ನದೇ. ನನ್ನ ಫೋನಿನಲ್ಲಿ ಹತ್ತು ಹನ್ನೆರಡು ಗುಂಡಿಗಳಷ್ಟೇ ಇದ್ದವು. ಎಸ್ ಅಕ್ಷರ ಬೇಕಾದರೆ ಏಳರ ಗುಂಡಿಯನ್ನು ನಾಲ್ಕು ಸಲ ಒತ್ತಬೇಕು. ಅಪ್ಪ ಅದರಲ್ಲಿ ಒಂದು ಮಾತು ಬರೆಯಲು ಹೋಗಿ, ಅರ್ಧಕ್ಕೇ ಬಿಟ್ಟು, ಫೋನನ್ನು ನನ್ನ ಮಡಿಲಿಗೆ ಎಸೆದಿದ್ದರು. ಆಗ ಪೂರ್ತಿ ಕೀಲಿಮಣೆಯ ಸ್ಮಾರ್ಟ್‌ಫೋನುಗಳು ಮಾಲೂರಿನ ಆಫೀಸಿನಲ್ಲೂ ಒಂದಿಬ್ಬರ ಕೈಯಲ್ಲಿ ಕಾಣುತ್ತಿದ್ದವು. ಟೈಪ್‌ರೈಟರಿನ ಸಾಲುಗಳೇ ಚಿಕ್ಕದಾಗಿ ಕೂತಿದ್ದವು. ಇದು ಅಪ್ಪನಿಗೇ ಮಾಡಿಸಿದ್ದು ಎನಿಸಿತು. ಕೋಲಾರದ ಅಂಗಡಿಗಳಿಗೆಲ್ಲ ಹೋಗಿ ಬ್ಯಾಟರಿ, ಪರದೆ, ಕೀಲಿಗಳ ಅಗಲ ಎಲ್ಲವನ್ನೂ ಪಟ್ಟಿ ಮಾಡಿದೆ. ೨೦೦೯ರ ಮಾವಿನ ಕಾಲದಲ್ಲಿ, ಯಲ್ದೂರಿನಲ್ಲಿರುವ ಸೋದರಮಾವನ ಮನೆಗೆ ಹೊರಟವರು ಮೂವರೂ ಮೊದಲು ಕೋಲಾರದಲ್ಲಿ ಇಳಿದೆವು.

ಅಂಗಡಿಯವರು ನಾಲ್ಕು ಸೆಟ್ಟು ಹರಡಿದರು. ಅಪ್ಪ ಒಂದನ್ನು ಗಾಜಿನ ಮೇಲೆ ಮಲಗಿಸಿ, ಕಣ್ಣು ಮುಚ್ಚಿ, ಎರಡೂ ತೋರುಬೆರಳಿನಿಂದ ಕೀಲಿಗಳನ್ನು ತಡವಿದರು. ಎಫ್ ಮತ್ತು ಜೆ ಮೇಲೆ ಚಿಕ್ಕ ಉಬ್ಬು ಇದೆಯೇ ಎಂದು ಹುಡುಕುತ್ತಿದ್ದರು. ಟೈಪ್ ಕಲಿತವರ ಬೆರಳು ಅಲ್ಲಿಂದಲೇ ಹೊರಡುವುದು.

"ಯಜಮಾನ್ರಿಗೆ ಕಣ್ಣು ಕಾಣ್ಸಲ್ವಾ?" ಅಂಗಡಿಯವರು ನನ್ನನ್ನು ಮೆಲ್ಲಗೆ ಕೇಳಿದರು.

"ಕಾಣ್ಸುತ್ತೆ. ಮಾತು ಬರಲ್ಲ."

"ಓ, ಹಂಗಾ!" ಎಂದವರೇ ಅಪ್ಪನ ಕಡೆ ತಿರುಗಿ ಕೂಗಿದರು, "ಒಳ್ಳೇ ಪೀಸು ಯಜಮಾನ್ರೇ! ತಗೊಳ್ಳಿ!"

ಅಪ್ಪ ಕಣ್ಣು ತೆರೆದು ನನ್ನನ್ನು ನೋಡಿದರು. ಆಪರೇಷನ್ ಆದಮೇಲೆ ಅವರು ನಕ್ಕದ್ದು ಅದೇ ಮೊದಲು. ಸದ್ದಿಲ್ಲದೆ ಭುಜ ಕುಣಿಯಿತು.

ಅಂಗಡಿಯವರು ಇನ್ನೊಂದು ಸಾದಾ ಸೆಟ್ಟನ್ನು ಮುಂದಿಟ್ಟರು. "ಇದ್ರಾಗೆ ಕನ್ನಡ ಬರುತ್ತೆ ನೋಡಿ ಮೇಡಂ. ಗುಂಡಿ ಮೇಲೇ ಅಕ್ಷರ ಐತೆ." ಅಪ್ಪ ಅದರ ಹತ್ತು ಹನ್ನೆರಡು ಗುಂಡಿಗಳನ್ನು ನೋಡಿ ಕೈಯಾಡಿಸಿ ಪಕ್ಕಕ್ಕೆ ಸರಿಸಿದರು. ಕನ್ನಡ ಬರುತ್ತದೆಯೇ ಎಂಬ ಪ್ರಶ್ನೆ ನನ್ನ ಪಟ್ಟಿಯಲ್ಲೂ ಇರಲಿಲ್ಲ. ಅಮ್ಮ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೈಚೀಲ ಹಿಡಿದು ಕೂತಿದ್ದಳು. ಅವಳಿಗೆ ಯಾವುದು ಬೇಕೆಂದು ಯಾರೂ ಕೇಳಲಿಲ್ಲ, ಫೋನು ಅವಳಿಗಲ್ಲವಲ್ಲ. ಉಬ್ಬು ಇದ್ದದ್ದನ್ನೇ ಕೊಂಡೆವು.

ಶ್ರೀನಿವಾಸಪುರದ ಬಸ್ಸಿನಲ್ಲಿ ಅಪ್ಪ ಫೋನನ್ನು ತೊಡೆಯ ಮೇಲಿಟ್ಟು ಬೆನ್ನು ನೆಟ್ಟಗೆ ಮಾಡಿ ಕೂತರು. ಹತ್ತು ಬೆರಳನ್ನೂ ಜೋಡಿಸಲು ನೋಡಿದರು. ಜಾಗ ಸಾಲಲಿಲ್ಲ. ಇದನ್ನು ಹೆಬ್ಬೆರಳಲ್ಲಿ ಒತ್ತುತ್ತಾರೆಂದು ತೋರಿಸಿದೆ. ಅಪ್ಪ ನನ್ನ ಹೆಬ್ಬೆರಳಿಗೆ ಒಂದೇಟು ಕೊಟ್ಟರು, ಸ್ಕೇಲು ಇಲ್ಲದಿದ್ದರಿಂದ ಬಸ್ ಟಿಕೇಟಿನಿಂದ. ಎರಡು ತೋರುಬೆರಳಿನಲ್ಲೇ ಕುಟ್ಟತೊಡಗಿದರು. ಕನ್ನಡದ ಮಾತೇ, ಇಂಗ್ಲಿಷ್ ಅಕ್ಷರದಲ್ಲಿ: "ಕಿಟಕಿ ಮುಚ್ಚಲು ಹೇಳು. ಧೂಳು." ಪರದೆಯನ್ನು ಅಮ್ಮನ ಮುಂದೆ ಹಿಡಿದರು.

ಅಮ್ಮ ನೋಡಿದಳು. ಆಮೇಲೆ ನನ್ನನ್ನು ನೋಡಿ ಕೇಳಿದಳು, "ಏನಂತೆ?"

ಆಗಲೇ ನನಗೆ ಅರ್ಥವಾಗಬೇಕಿತ್ತು. ಕಿಟಕಿ ಮುಚ್ಚಿದೆ.

ಯಲ್ದೂರಿನ ತೋಟದಲ್ಲಿ ಎಲ್ಲರೂ ಹಣ್ಣಿನ ರಾಶಿಯ ಸುತ್ತ ಕೂತಿದ್ದಾಗ ಸೋದರಮಾವ, "ಬಾವಾ, ಮೀ ಮಿಷನ್‌ಲೋ ಏದೋ ಒಕಟಿ ಚೆಪ್ಪಂಡಿ" ಎಂದು ತೆಲುಗಿನಲ್ಲಿ ಉತ್ಸಾಹ ತೋರಿಸಿದರು; ಆ ಯಂತ್ರದಲ್ಲಿ ಏನಾದರೂ ಒಂದು ಹೇಳಿ ಎಂದು. ಮಾತಿದ್ದಾಗ ಅಪ್ಪ ಒಳ್ಳೆಯ ತಮಾಷೆಗಾರರು. ಕುಟ್ಟತೊಡಗಿದರು. ಎಲ್ಲರೂ ಕಾದರು. ಮಾವಿನ ಹಣ್ಣಿಗೆ ನೊಣ ಮುತ್ತಿತು. ಯಾರೋ ಕೆಮ್ಮಿ, ಯಾರೋ ಎದ್ದು ಹೋಗಿ, ಕೊನೆಗೆ ಫೋನು ನನ್ನ ಕೈಗೆ ಬಂತು. ಸೋದರಮಾವ ಹಣ್ಣಿಗಿಂತ ಗೊರಟೆ ದೊಡ್ಡದಿರುವ ಮಾವನ್ನೇ ಬಾವನಿಗೆ ಆರಿಸಿ ಕೊಡುತ್ತಾರೆಂದು ಅಪ್ಪ ಬರೆದಿದ್ದರು. ನಾನು ಓದಿದೆ. ನನ್ನ ಬಾಯಲ್ಲಿ ಅದು ದೂರಿನ ಹಾಗೆ ಕೇಳಿಸಿತು. ಸೋದರಮಾವ, "ಅಯ್ಯೋ, ಬೇರೆ ಕೊಡ್ತೀನಿ ಬಾವಾ" ಎಂದು ನಿಜವಾಗಿಯೇ ಬೇರೆ ಬುಟ್ಟಿ ತರಲು ಎದ್ದರು.

ಹೊರಗಿನ ಮಟ್ಟಿಗೆ ಫೋನು ಗೆದ್ದಿತು. ಅಪ್ಪ ಮತ್ತೆ ಪೇಟೆಗೆ ಹೊರಟರು. ಬ್ಯಾಂಕಿನವರು, ಔಷಧಿ ಅಂಗಡಿಯವರು, ಹಳೆಯ ಶಿಷ್ಯರು ಪರದೆ ಓದಿ ಮೆಲುದನಿಯಲ್ಲಿ ಉತ್ತರಿಸುತ್ತಿದ್ದರು. ಸ್ಲೇಟು ಹಿಡಿದವರನ್ನು ಕಂಡರೆ ಕೂಗುತ್ತಿದ್ದ ಜನ ಫೋನು ಹಿಡಿದವರಿಗೆ ಕುರ್ಚಿ ಕೊಟ್ಟರು. ಇಷ್ಟಾದ ಮೇಲೆ ಸ್ಲೇಟಿಗೆ ಮರಳಲು ಅಪ್ಪ ಒಪ್ಪಲಿಲ್ಲ, ಮನೆಯೊಳಗೂ ಒಪ್ಪಲಿಲ್ಲ.

ಮನೆಯೊಳಗೆ ನಾನು ಬಾಯಾದೆ. ಬೆಳಿಗ್ಗೆ ಬಸ್ಸಿಗೆ ಓಡುವ ಮುಂಚೆ, ಸಂಜೆ ಚಪ್ಪಲಿ ಬಿಡುವ ಮುಂಚೆ ಫೋನು ನನ್ನ ಮುಖದ ಮುಂದೆ ಬರುತ್ತಿತ್ತು. ಹಿಂದೆಯೇ ಅಮ್ಮನ "ಏನಂತೆ?" ಸಾರಿಗೆ ಉಪ್ಪು ಜಾಸ್ತಿಯಂತೆ. ಪಂಚೆಗೆ ನೀಲಿ ಹೆಚ್ಚಾಯಿತಂತೆ. ನಿನ್ನೆ ಬಂದವರು ಯಾರಂತೆ. ದಣಿದ ದಿನ ನಾನು ಕತ್ತರಿಸಿ ಹೇಳುತ್ತಿದ್ದೆ. ಅಮ್ಮ ಬಿಡುತ್ತಿರಲಿಲ್ಲ.

"ಅಷ್ಟೊತ್ತು ಕುಟ್ಟಿದ್ರು, ನೀನು ಎರಡೇ ಮಾತು ಹೇಳ್ತೀಯಲ್ಲೇ. ಮಿಕ್ಕಿದ್ದು ನುಂಗ್ಕೊಂಡ್ಯಾ?"

"ಅಷ್ಟೇ ಇರೋದಮ್ಮ."

"ಏನೋಪ್ಪ. ಮೊದಲು ನನ್ನತ್ರ ಬೈಯೋಕಾದ್ರೂ ಬರ್ತಿದ್ರು. ಈಗ ಅದಕ್ಕೂ ನೀನೇ."

ಅಮ್ಮನಿಗೆ ಇಂಗ್ಲಿಷ್ ಅಕ್ಷರ ಕಲಿಸಲು ಎರಡು ಭಾನುವಾರ ಕೂತೆ. ದೊಡ್ಡ ಎ, ಚಿಕ್ಕ ಎ ಎಂದು ನಾನು ಬರೆಸುತ್ತಿದ್ದರೆ ಅಪ್ಪ ಪಕ್ಕದಲ್ಲೇ ನಿಂತು ಬೆರಳಿನಿಂದ ಮೇಜು ಕುಟ್ಟಿ ತಪ್ಪು ತೋರಿಸತೊಡಗಿದರು. ಅಮ್ಮ ಪೆನ್ಸಿಲ್ ಕೆಳಗಿಟ್ಟಳು. "ಈ ವಯಸ್ಸಲ್ಲಿ ನಿಮ್ಮ ಹತ್ರ ಏಟು ತಿನ್ನೋಕೆ ಫೀಸು ಕಟ್ಟಿಲ್ಲ ನಾನು" ಎಂದು ಅಕ್ಕಿ ಆರಿಸಲು ಹೋದಳು. ಪಾಠ ಅಲ್ಲಿಗೆ ನಿಂತಿತು.

ನಾನಿಲ್ಲದ ಹಗಲಿಗೂ ಅಪ್ಪ ದಾರಿ ಕಂಡುಕೊಂಡರು. ಮಾಲೂರಿನಲ್ಲಿ ನನ್ನ ಮೇಜಿನ ಮೇಲೆ ಫೋನು ನಡುಗುತ್ತಿತ್ತು: "ನನ್ನ ಕನ್ನಡಕ ಎಲ್ಲಿ ಕೇಳು." ನಾನು ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಬೇಕು. ಅಮ್ಮ ಎತ್ತಿಕೊಳ್ಳುತ್ತಾಳೆ, ಎತ್ತಿದೊಡನೆ "ಏನಂತೆ?" ಎನ್ನುತ್ತಾಳೆ, ಏಕೆಂದರೆ ಅಪ್ಪ ಕುಟ್ಟುವುದನ್ನು ಅವಳು ಅದೇ ಕೋಣೆಯಿಂದ ನೋಡಿರುತ್ತಾಳೆ. "ಕನ್ನಡಕ ಎಲ್ಲಿ ಅಂತೆ." "ತಲೆ ಮೇಲಿದೆ ಅಂತ ಹೇಳು." ಅಷ್ಟು ಹೇಳಿದರೆ ಅಪ್ಪನಿಗೆ ಅಲ್ಲಿಯೇ ಕೇಳಿಸಿರುತ್ತದೆ. ಒಂದು ಕೋಣೆಯನ್ನು ದಾಟಲು ಅವರ ಮಾತು ಮಾಲೂರಿಗೆ ಬಂದು ಹೋಗುತ್ತಿತ್ತು. ನಾನು ಯಾವುದನ್ನೂ ಬಿಡಿಸಿ ಹೇಳುವ ಶಕ್ತಿಯಿಲ್ಲದೆ ಮತ್ತೆ ಹೆಂಚಿನ ಲೋಡುಗಳ ಎಣಿಕೆಗೆ ತಿರುಗುತ್ತಿದ್ದೆ. ಹೀಗೇ ಹೋದರೆ ಇವರಿಬ್ಬರು ಒಬ್ಬರ ಜೊತೆಗೊಬ್ಬರು ಮಾತಾಡುವುದನ್ನೇ ಮರೆಯುತ್ತಾರೆ ಎಂಬ ಹೆದರಿಕೆ ಬಸ್ಸಿನಲ್ಲಿ ತೂಕಡಿಸುವಾಗಲೂ ಬಿಡುತ್ತಿರಲಿಲ್ಲ.

ಆಷಾಢದ ಒಂದು ಸಂಜೆ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಮುಳಬಾಗಿಲಿನ ಬಸ್ಸಿಗೆ ಕಾಯುತ್ತಿದ್ದೆ. ಗಾಳಿಗೆ ಕಣ್ಣಿನಲ್ಲಿ ಮಣ್ಣು. ಪಕ್ಕದಲ್ಲಿ ಕಂಡಕ್ಟರ್ ಒಬ್ಬರು "ಶ್ರೀನಿವಾಸ್ಪುರ, ಶ್ರೀನಿವಾಸ್ಪುರ" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಅಪ್ಪನ ಸಂದೇಶ ಬಂತು. ಎಂದಿನಂತೆ ಉಪ್ಪೋ ಪಂಚೆಯೋ ಎಂದುಕೊಂಡು ತೆರೆದೆ.

"ಅವಳ ರೇಡಿಯೋ ಸ್ಟೇಷನ್ ಯಾಕೆ ಮುಚ್ಚಿದೆ ಕೇಳು. ಧ್ವನಿ ಹೋಗಿರುವುದು ನನ್ನದು. ಅವಳದು ಯಾಕೆ ಹೋಗಬೇಕು."

ಎರಡು ಸಲ ಓದಿದೆ. ಅಮ್ಮ ಹಾಡುವುದನ್ನು ಬಿಟ್ಟದ್ದು ಯಾವಾಗಿನಿಂದ? ಬಸ್ಸಿನ ಹೊತ್ತನ್ನು ನಿಮಿಷ ತಪ್ಪದೆ ಬರೆಯುವ ನನಗೆ ಅದು ಗೊತ್ತಾಗಿರಲಿಲ್ಲ. ಅಪ್ಪನಿಗೆ ಗೊತ್ತಾಗಿತ್ತು. ಇಷ್ಟು ತಿಂಗಳು ಅವರು ಅದನ್ನು ಕೇಳಿಸಿಕೊಳ್ಳುತ್ತಾ, ಅಂದರೆ ಕೇಳಿಸಿಕೊಳ್ಳದೆ, ಕೂತಿದ್ದರು.

ಮನೆಗೆ ಫೋನ್ ಮಾಡಿದೆ.

"ಏನಂತೆ?" ಎಂದಳು ಅಮ್ಮ.

ಬಾಯಿ ತೆರೆದೆ. ಇದನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತು, ಕಂಡಕ್ಟರ್ ಕೂಗಿನ ಮೇಲೆ ಕೂಗಿ, ಗೊರಟೆಯ ತಮಾಷೆಯನ್ನು ಓದಿದ ಇದೇ ಬಾಯಲ್ಲಿ ಹೇಳಬೇಕಿತ್ತು.

"ಇದನ್ನ ನಾನು ಹೇಳಲ್ಲಮ್ಮ."

"ಯಾಕೇ, ಅಷ್ಟು ಕೆಟ್ಟದಾಗಿ ಬೈದಿದ್ದಾರಾ?"

"ಇಲ್ಲ. ಅವರ ಕೈಲೇ ಹೇಳಿಸ್ಕೋ. ಸ್ಲೇಟು ಕೊಡು."

"ಸ್ಲೇಟಲ್ಲಿ ಹಾಲಿನ ಲೆಕ್ಕ ಇದೆ ಕಣೇ. ತಿಂಗಳು ಮುಗಿದಿಲ್ಲ."

"ಒರೆಸು."

"ಒರೆಸಿದ್ರೆ ಹಾಲಿನವಳು ಹೇಳಿದ್ದೇ ಲೆಕ್ಕ ಆಗುತ್ತೆ."

"ಆಗ್ಲಿ ಬಿಡಮ್ಮ. ನಂಗೆ ಸಾಕಾಗಿದೆ" ಎಂದು ಇಟ್ಟುಬಿಟ್ಟೆ. ಆಮೇಲೆ ಅಪ್ಪನಿಗೆ ಏಳರ ಗುಂಡಿ ಒತ್ತಿ ಒತ್ತಿ ಬರೆದೆ: "ಸ್ಲೇಟಲ್ಲಿ ಬರೆದು ನೀವೇ ಕೇಳಿ." ಉತ್ತರ ಬರಲಿಲ್ಲ.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ದೇವರಾಯಸಮುದ್ರದವರೆಗೂ ಕಂಬ ಹಿಡಿದು ನಿಂತಿದ್ದೆ. ಅಪ್ಪ ಸಿಟ್ಟಾಗಿರಬಹುದು, ಫೋನನ್ನೂ ಮೂಲೆಗಿಟ್ಟು ಮತ್ತೆ ಬಾಗಿಲು ಹಾಕಿಕೊಂಡಿರಬಹುದು ಎಂದು ಎಣಿಸುತ್ತಿದ್ದೆ. ಕೆರೆ ಏರಿಯ ಹತ್ತಿರ ಕೆಲವರು ಇಳಿದು ಜಾಗವಾಯಿತು, ಕೂತೊಡನೆ ನಿದ್ದೆ ಬಂತು.

ಮನೆ ತಲುಪಿದಾಗ ದೀಪ ಹಚ್ಚಿದ್ದರು. ಅಪ್ಪ ನಡುಮನೆಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಫೋನು ಜೇಬಿನಲ್ಲೇ ಇತ್ತು. ನನ್ನನ್ನು ನೋಡಿದರೂ ಅದನ್ನು ತೆಗೆಯಲಿಲ್ಲ. ಅವರ ಬಲಗೈ ತೋರುಬೆರಳಿಗೂ ಹೆಬ್ಬೆರಳಿಗೂ ಬಳಪದ ಪುಡಿ ಅಂಟಿತ್ತು. ಅಡುಗೆಮನೆಯ ಕಿಟಕಿಗೆ ಒರಗಿಸಿದ್ದ ಸ್ಲೇಟು ಇನ್ನೂ ಒದ್ದೆಯಾಗಿತ್ತು. ಹಾಲಿನ ಗೆರೆಗಳಿರಲಿಲ್ಲ. ಬೇರೇನೂ ಇರಲಿಲ್ಲ. ಎರಡು ಸಲವಾದರೂ ಬರೆದು ಒರೆಸಿದ ಬಿಳಿ ಮಬ್ಬು ಅಂಚಿನಲ್ಲಿತ್ತು.

ಅಮ್ಮ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಳು. ಹಾಡುತ್ತಿರಲಿಲ್ಲ. ಮೂಗು ಏರಿಸಿ ಸೆರಗಿನಿಂದ ಒರೆಸಿಕೊಂಡಳು. ಒಗ್ಗರಣೆಯ ಮೆಣಸಿನಕಾಯಿಗೋ ಏನೋ.

ನಾನು ಬಾಗಿಲಿಗೆ ಒರಗಿ ಕೇಳಿದೆ, "ಏನಂತೆ?"

"ನಿಂಗ್ಯಾಕೇ?" ಎಂದಳು, ತಿರುಗದೆ. "ಕೈಕಾಲು ತೊಳ್ಕೊಂಡ್ ಬಾ, ಹೋಗು."