ಧರ್ಮಪುರದ ರಸ್ತೆ ಮಾಯವಾದ ಬೆಳಿಗ್ಗೆ

ಆಯುಧಪೂಜೆಯ ರಜೆ ಮುಗಿಸಿ ಬಂದಾಗ ನನ್ನ ಮಾನಿಟರಿನ ಮೇಲೆ ಚೆಂಡುಹೂವು ಇನ್ನೂ ನೇತಾಡುತ್ತಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಚಿತ್ರದುರ್ಗದಲ್ಲಿ ರಸ್ತೆಗಳ ನಕ್ಷೆ ಮಾಡಿಕೊಡುವ ಸಣ್ಣ ಆಫೀಸು ನಮ್ಮದು. ಹೂ ಸರಿಸಿ ಹಿರಿಯೂರು–ಧರ್ಮಪುರ ರಸ್ತೆಯ ಫೈಲು ತೆರೆದೆ. ನಾನು ಎಳೆದಿದ್ದ ನಡುಗೆರೆಯೊಂದು ಬಿಟ್ಟರೆ ಪರದೆಯೆಲ್ಲ ಕಪ್ಪು. ಹೊಲ, ಬಾವಿ, ಮನೆ, ಮರ ಒಂದೂ ಇಲ್ಲ.

ಹಬ್ಬದ ಹಿಂದಿನ ದಿನ ನಾನು ಸೇವ್ ಮಾಡುವಾಗಲೇ ಕರೆಂಟು ಹೋಗಿತ್ತು. "ಫೈಲು ಕೆಟ್ಟೋಗೈತೆ ಸಾರ್. ನಿಮ್ಮ ಸರ್ವೆ ಪೂರ್ತಿ ಹೋಯ್ತು" ಎಂದುಬಿಟ್ಟೆ. ದುಡುಕು ನನ್ನ ಹುಟ್ಟುಗುಣ.

ಕೇಳಿಸಿಕೊಂಡವರು ನಮ್ಮ ಹಿರಿಯ ಸರ್ವೆಯರು. ನೋಯುವ ಮೊಣಕಾಲು ಎಳೆದುಕೊಂಡು, ಬಿಸಿಲಿನಲ್ಲಿ, ಆ ರಸ್ತೆಯುದ್ದಕ್ಕೂ ಕಡಲೆಕಾಯಿ ಹೊಲಗಳ ಅಂಚಿನಲ್ಲಿ ನಡೆದು ಅಳೆದಿದ್ದರು. ತುರುವನೂರಿನ ಕೆಲಸಕ್ಕೆಂದು ಅಳತೆಯ ಯಂತ್ರದ ಮೆಮೊರಿಯನ್ನೂ ಖಾಲಿ ಮಾಡಿಯಾಗಿತ್ತು. ಸರ್ವೆ ಹೋಯಿತೆಂದರೆ ಮತ್ತೆ ನಡೆಯಬೇಕಾದವರು ಅವರೇ. ಕಂಪ್ಯೂಟರಿನ ವಿಷಯದಲ್ಲಿ ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದ ಮನುಷ್ಯ, ನೇರ ಒಳಕೋಣೆಗೆ ಹೋದರು.

ನಾನು ಫೈಲು ರಿಪೇರಿ ಮಾಡುವ ಕಮ್ಯಾಂಡ್ ಕೊಟ್ಟೆ. ಫೈಲಿನಲ್ಲಿ ತಪ್ಪುಗಳು ಸೊನ್ನೆ ಎಂದು ಬಂತು. ಮತ್ತೆ ಕೊಟ್ಟೆ. ಮತ್ತೆ ಸೊನ್ನೆ. ಸಿಟ್ಟಿಗೆ ಮೌಸನ್ನು ಮೇಜಿಗೆ ಕುಟ್ಟಿದೆ. ಆಗ ಪರದೆಯ ಮೂಲೆಯಲ್ಲಿ ಸಾಸಿವೆಯಷ್ಟು ಚುಕ್ಕೆ ಕಂಡಿತು. ಜೂಮ್ ಮಾಡುತ್ತ ಹೋದೆ. ಚುಕ್ಕೆಯಲ್ಲ, ಅಕ್ಷರ! ಸರ್ವೆ ಫೈಲಿನ ವಿಳಾಸ!

ಕುರ್ಚಿಯಿಂದ ಎದ್ದೇಬಿಟ್ಟೆ. ಹೊಲಮನೆಗಳು ನನ್ನ ಫೈಲಿನೊಳಗೆ ಇರುವುದೇ ಇಲ್ಲ. ಅವು ಸರ್ವೆ ಫೈಲಿನಲ್ಲಿರುತ್ತವೆ. ನನ್ನದು ಅದರ ವಿಳಾಸ ಇಟ್ಟುಕೊಂಡು, ತೆರೆದಾಗಲೆಲ್ಲ ಅಲ್ಲಿಂದ ತಂದು ತೋರಿಸುತ್ತದೆ. ಗೊತ್ತಿದ್ದದ್ದೇ, ಗಾಬರಿಯಲ್ಲಿ ಮರೆತಿದ್ದೆ. ಆ ವಿಳಾಸಕ್ಕೆ ಹೋಗಿ ನೋಡಿದರೆ ಫೋಲ್ಡರೇ ಇಲ್ಲ.

"ಸಾರ್, ಸರ್ವೆ ಫೋಲ್ಡರ್ ಯಾರು ಮುಟ್ಟಿದ್ರು?" ಎಂದು ಕೂಗಿದೆ.

"ನಾನೇ ಕಣಪ್ಪ" ಎಂದರು ಬಾಗಿಲ ಕಡೆಯಿಂದ. "ಹೊಸ ಪುಸ್ತಕಕ್ಕೆ ಮೊದಲು ಶ್ರೀ ಬರೀತೀವಲ್ಲ. ಪೂಜೆ ದಿನ ಶ್ರೀ ಅಂತ ಒಂದು ಫೋಲ್ಡರ್ ಮಾಡಿ ಎಲ್ಲಾ ಅದರೊಳಗೆ ಇಟ್ಟಿದೀನಿ. ತಪ್ಪಾತೇನು?"

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಹೊಸ ವಿಳಾಸ ತೋರಿಸಿ ಎಂಟರ್ ಒತ್ತಿದೆ. ಬಂತು! ಹೊಲದ ಬದು, ಬಾವಿ, ಕರೆಂಟು ಕಂಬ, ಇಡೀ ರಸ್ತೆ ಕಣ್ಣೆದುರು ಹರಡಿಕೊಂಡಿತು. ಖುಷಿಗೆ ಚಪ್ಪಾಳೆ ತಟ್ಟಿದೆ.

ಅವರು ಬಂದು ಪರದೆಯ ಮೇಲೆ ಬೆರಳಿಟ್ಟರು. "ಈ ಹುಣಸೆಮರದ ತಾವ ನಾಯಿ ಅಟ್ಟಿಸ್ಕಂಡು ಬಂದಿತ್ತು. ಶ್ರೀ ತೆಗೆದುಬಿಡಾಣೇನು?"

"ಬ್ಯಾಡ ಸಾರ್, ಇರಲಿ. ಫೈಲಿಗೆ ಈಗ ಅದರ ದಾರಿ ಗೊತ್ತಾತು."

ಕಾಫಿ ತರಿಸೋಣವೆಂದು ಎದ್ದವನು ಹೊಸ್ತಿಲಲ್ಲೇ ನಿಂತೆ. ಮೂರುಕಾಲಿನ ಸ್ಟ್ಯಾಂಡು, ಯಂತ್ರದ ಪೆಟ್ಟಿಗೆ, ಅವರ ನೀರಿನ ಬಾಟ್ಲಿ ಬಾಗಿಲಿಗೆ ಒರಗಿದ್ದವು. ಮೊಣಕಾಲಿಗೆ ಬಟ್ಟೆ ಬಿಗಿಯಾಗಿ ಸುತ್ತಿಕೊಂಡಿದ್ದರು. ನನ್ನ ಮಾತು ನಂಬಿ, ರಸ್ತೆಯನ್ನು ಮತ್ತೆ ಅಳೆಯಲು ಧರ್ಮಪುರದ ಬಸ್ಸಿಗೆ ಹೊರಟು ನಿಂತಿದ್ದರು.